ಬಾಳಿಕೆ: ಪೆಲೆಟ್ ಗ್ರಿಲ್‌ನ ವಿಷಯದಲ್ಲಿ ಈ ಪದದ ಅರ್ಥ

ಮಂಗಳೂರು, ಉಡುಪಿಯ ಮನೆಗಳಲ್ಲಿ ಹೊಸ ವಸ್ತು ಬಂದಾಗ ಹಿರಿಯರು ‘ಇದು ಬಾಳಿಕೆ ಬರುತ್ತದೆಯೇ’ ಎಂದು ಕೇಳುತ್ತಾರೆ. ಮರದ ಹುಡಿಯ ತುಂಡುಗಳನ್ನು ಉರಿಸಿ ಅಡುಗೆ ಮಾಡುವ ವಿದ್ಯುತ್ ಒಲೆಯಾದ ಪೆಲೆಟ್ ಗ್ರಿಲ್‌ನ ಮಟ್ಟಿಗೆ ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಒಂದು ಅದರ ಮೈಕಟ್ಟಿನದು: ತಗಡು ಯಾವುದು, ಎಷ್ಟು ದಪ್ಪ, ಬೆಸುಗೆ ಎಷ್ಟು ಬಿಗಿ. ಇನ್ನೊಂದು ಭರವಸೆಯದು: ಹಚ್ಚಿದ ಬೆಂಕಿ ಅಡುಗೆ ಮುಗಿಯುವ ತನಕ ನಾವು ನಿಗದಿ ಮಾಡಿದ ಶಾಖದಲ್ಲಿ ಉರಿಯುತ್ತದೆಯೇ. ಮೈಕಟ್ಟು ಗಟ್ಟಿಯಾಗಿದ್ದೂ ಭರವಸೆಗೆ ಅರ್ಹವಲ್ಲದ ಒಲೆ ಇರಬಹುದಾದ್ದರಿಂದ, ಇವೆರಡನ್ನೂ ಬೇರೆಯಾಗಿಯೇ ನೋಡಬೇಕು.

ಅಮೆರಿಕದ ಒರೆಗಾನ್ ರಾಜ್ಯದ ಜೋ ಟ್ರೇಗರ್ ಅವರಿಗೆ 1986ರಲ್ಲಿ ಪೇಟೆಂಟ್ ದೊರೆತ ಈ ಒಲೆಗೆ ಉರುವಲು ಪೆಲೆಟ್, ಅಂದರೆ ಮರದ ಹುಡಿಯನ್ನು ಒತ್ತಿ ಮಾಡಿದ, ಸುಮಾರು 6 ಮಿ.ಮೀ. ದಪ್ಪದ ತುಂಡುಗಳು. ಪೆಟ್ಟಿಗೆಯಲ್ಲಿ ತುಂಬಿದ ಪೆಲೆಟ್‌ಗಳನ್ನು ಆಗರ್ ಎಂಬ ತಿರುಪು ನಿಧಾನವಾಗಿ ಬೆಂಕಿಕುಂಡಕ್ಕೆ ತಳ್ಳುತ್ತದೆ. ವಿದ್ಯುತ್ ಕಡ್ಡಿಯೊಂದು ಕಾದು ಕಿಡಿ ಹಚ್ಚುತ್ತದೆ. ಫ್ಯಾನ್ ಗಾಳಿ ಊದುತ್ತದೆ. ಒಳಗಿನ ಶಾಖವನ್ನು ಅಳೆಯುವ ನಿಯಂತ್ರಕವು ಎಷ್ಟು ಉರುವಲು ಬೇಕೆಂದು ತೀರ್ಮಾನಿಸುತ್ತದೆ.

ಮೈಕಟ್ಟಿನ ಮಾತು ಬಂದಾಗ ಎಲ್ಲರೂ ತಗಡಿನ ದಪ್ಪವನ್ನೇ ವಿಚಾರಿಸುತ್ತಾರೆ. ದಪ್ಪ ತಗಡು ಶಾಖವನ್ನು ಹಿಡಿದಿಡುತ್ತದೆ, ಮುಚ್ಚಳ ತೆರೆದು ಮುಚ್ಚಿದ ಮೇಲೆ ಒಲೆ ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ನಿಜವೇ. ಆದರೆ ಕಡಲ ಬದಿಯಲ್ಲಿ ನನ್ನ ಮೊದಲ ಪ್ರಶ್ನೆ ತುಕ್ಕಿನದು. ಮಲ್ಪೆಯ ಬಂದರಿನಲ್ಲಾಗಲಿ ಮಂಗಳೂರಿನ ಧಕ್ಕೆಯಲ್ಲಾಗಲಿ ದೋಣಿಗಳ ಬೋಲ್ಟುಗಳನ್ನು ನೋಡಿದವರಿಗೆ ಉಪ್ಪುಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂದು ಹೇಳಬೇಕಾಗಿಲ್ಲ. ‘ಸ್ಟೀಲ್’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಲೋಹಗಳು ಮಾರಾಟವಾಗುತ್ತವೆ. 430 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕ್ರೋಮಿಯಂ ಇದ್ದರೂ ನಿಕ್ಕಲ್ ಹೆಚ್ಚುಕಡಿಮೆ ಇಲ್ಲ, ಅಯಸ್ಕಾಂತ ಅದಕ್ಕೆ ಗಟ್ಟಿಯಾಗಿ ಅಂಟುತ್ತದೆ. 304ರಲ್ಲಿ ಸುಮಾರು ಶೇ 18 ಕ್ರೋಮಿಯಂ ಮತ್ತು ಶೇ 8 ನಿಕ್ಕಲ್ ಇದ್ದು, ಅದು ಹೆಚ್ಚು ಕಾಲ ತಾಳುತ್ತದೆ. ಉಪ್ಪಿಗೆ ಇವೆರಡಕ್ಕಿಂತಲೂ ಚೆನ್ನಾಗಿ ತಡೆಯುವುದು ಮಾಲಿಬ್ಡಿನಂ ಬೆರೆಸಿದ 316. ಬಣ್ಣ ಬಳಿದ ಸಾದಾ ಕಬ್ಬಿಣವಾದರೆ ಬಣ್ಣ ಮೊದಲು ಸುಟ್ಟುಹೋಗುವುದು ಬೆಂಕಿಕುಂಡದ ಸುತ್ತ. ಅಲ್ಲೇ ಉಳಿದ ಬೂದಿ ಮಳೆಗಾಲದಲ್ಲಿ ತೇವ ಹೀರಿ ಲೋಹವನ್ನು ತಿನ್ನತೊಡಗುತ್ತದೆ. ಹೊರಮೈಯ ಹೊಳಪಿಗಿಂತ ಬೆಂಕಿಕುಂಡ ಮತ್ತು ಅದರ ಮೇಲಿನ ತಗಡು ಯಾವ ಲೋಹದ್ದೆಂದು ಕೇಳಿ ತಿಳಿಯುವುದು ಮುಖ್ಯ.

ಭರವಸೆಯ ವಿಷಯದಲ್ಲಿ ನಮ್ಮ ಊರಿನ ಹವೆ ಇನ್ನೂ ಕಠಿಣ. ಪೆಲೆಟ್‌ಗೆ ಸಾಮಾನ್ಯವಾಗಿ ಅಂಟು ಹಾಕುವುದಿಲ್ಲ. ಒತ್ತುವಾಗ ಹುಟ್ಟುವ ಬಿಸಿಗೆ ಮರದೊಳಗಿನ ಲಿಗ್ನಿನ್ ಮೆದುವಾಗಿ, ಆರಿದಾಗ ಹುಡಿಯನ್ನು ಹಿಡಿದುಕೊಳ್ಳುತ್ತದೆ. ತೇವ ತಗಲಿದರೆ ಆ ಹಿಡಿತ ಬಿಟ್ಟು ತುಂಡು ಉಬ್ಬಿ ಮತ್ತೆ ಹುಡಿಯಾಗುತ್ತದೆ. ಆ ಹುಡಿ ಆಗರ್‌ನ ಕೊಳವೆಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗಿ ಕೂತರೆ ಮೋಟಾರು ತಿರುಗಲಾರದು, ಬೆಂಕಿ ನಂದುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಇಂಥ ಕೆಟ್ಟುನಿಲ್ಲುವಿಕೆಗೆ ಯಂತ್ರವನ್ನೊಂದನ್ನೇ ದೂರುವುದು ನ್ಯಾಯವಲ್ಲ. ಆದರೂ ಪೆಲೆಟ್ ಪೆಟ್ಟಿಗೆಯ ಮುಚ್ಚಳಕ್ಕೆ ನೀರು ಒಳಬಾರದಂತೆ ರಬ್ಬರ್ ಪಟ್ಟಿ ಇದೆಯೇ, ಉಳಿದ ಪೆಲೆಟ್ ಸುರಿದು ತೆಗೆಯಲು ಬಾಗಿಲಿದೆಯೇ, ಆಗರ್ ಅನ್ನು ಮನೆಯಲ್ಲೇ ಬಿಚ್ಚಬಹುದೇ ಎಂಬುದರಲ್ಲಿ ತಯಾರಕರ ಕಾಳಜಿ ಕಾಣುತ್ತದೆ.

ಇದು ವಿದ್ಯುತ್ತಿಲ್ಲದೆ ನಡೆಯದ ಒಲೆ ಎಂಬುದನ್ನೂ ಮರೆಯಬಾರದು. ಒಲೆಯನ್ನು ಸರಿಯಾಗಿ ಆರಿಸಿದರೆ ಕುಂಡದಲ್ಲಿ ಉಳಿದ ಪೆಲೆಟ್ ಉರಿದು ಮುಗಿಯುವವರೆಗೆ ಫ್ಯಾನ್ ತಿರುಗುತ್ತಿರುತ್ತದೆ. ಗುಡುಗು ಮಳೆಗೆ ನಡುವೆಯೇ ಕರೆಂಟು ಹೋದರೆ ಫ್ಯಾನ್ ನಿಂತು, ಉಳಿದ ಕೆಂಡ ಕೆಲವೊಮ್ಮೆ ಆಗರ್‌ನ ಕೊಳವೆಯಲ್ಲಿ ಹಿಮ್ಮುಖವಾಗಿ ಹೊಗೆಯಾಡುತ್ತಾ ಪೆಟ್ಟಿಗೆಯ ಕಡೆಗೆ ಬರುವುದುಂಟು. ಅಮೆರಿಕದ ಮಾರುಕಟ್ಟೆಗೆಂದು 120 ವೋಲ್ಟಿಗೆ ತಯಾರಾದ ಗ್ರಿಲ್ಲನ್ನು ಇಲ್ಲಿನ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ನಿಯಂತ್ರಕ, ಕಡ್ಡಿ, ಮೋಟಾರು ಸುಟ್ಟುಹೋಗಬಹುದು. ಅಂಥ ಹಾನಿಯನ್ನು ಒಲೆಯ ಬಾಳಿಕೆಯ ಲೆಕ್ಕಕ್ಕೆ ಸೇರಿಸಲಾಗದು.

ಜೂನ್ 1ರಂದು ಯಾಂತ್ರಿಕ ಮೀನುಗಾರಿಕೆಯ ರಜೆ ಆರಂಭವಾಗಿ ದೋಣಿಗಳು ದಡ ಸೇರುವ ಹೊತ್ತಿಗೆ ಪೆಲೆಟ್ ಪೆಟ್ಟಿಗೆಯನ್ನು ಬರಿದು ಮಾಡಿ, ಆಗರ್‌ನಲ್ಲಿ ಉಳಿದದ್ದನ್ನು ಉರಿಸಿ ಮುಗಿಸಿ, ಬೂದಿ ಗುಡಿಸಿ, ಉಳಿದ ಪೆಲೆಟ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮನೆಯೊಳಗೆ ಇಡಬೇಕು. ಮಳೆ ಬಿಟ್ಟ ಮೇಲೆ ಒಂದು ತುಂಡನ್ನು ಬೆರಳಲ್ಲಿ ಮುರಿದು ನೋಡಿದಾಗ ಟಪ್ಪೆಂದು ಮುರಿದರೆ ಅದು ಉರಿಸಲು ಯೋಗ್ಯ. ಸದ್ದಿಲ್ಲದೆ ಪುಡಿಯಾದರೆ ಬಚ್ಚಲೊಲೆಗೆ ಹಾಕಬಹುದು.