ಹಳೇ ಪಿಕಪ್‌ನ ಮರದ ನೆಲಕ್ಕೆ ಸಂದು ಏಕೆ ಬೇಕು?

ಹಳೇ ಪಿಕಪ್ ಗಾಡಿಯ ಹಿಂಭಾಗದ ಸರಕು ತೊಟ್ಟಿಗೆ ಗಟ್ಟಿಮರದ ನೆಲ ಹಾಕುವವರಲ್ಲಿ ಒಂದು ನಂಬಿಕೆ ಬೇರೂರಿದೆ: ಮರ ಚೆನ್ನಾಗಿ ಒಣಗಿದ್ದು, ಮೇಲೆ ವಾರ್ನಿಷ್ ಬಳಿದಿದ್ದರೆ ಅದು ಮತ್ತೆ ಹಿಗ್ಗುವುದಿಲ್ಲವಂತೆ. ಇದನ್ನು ನಂಬಿ ಹಲಗೆಗೆ ಹಲಗೆ ಒತ್ತಿ ಕೂರಿಸುತ್ತಾರೆ. ನಾಲ್ಕು ಮಳೆ ಬೀಳುವಷ್ಟರಲ್ಲಿ ನೆಲ ಉಬ್ಬಿ ಮೇಲೇಳುತ್ತದೆ. ಎಷ್ಟೇ ಒಣಗಿದ ಮರವಾದರೂ ಗಾಳಿಯಿಂದ ತೇವ ಹೀರುತ್ತದೆ, ಗಾಳಿಗೆ ತೇವ ಬಿಡುತ್ತದೆ. ವಾರ್ನಿಷ್ ಅದನ್ನು ನಿಧಾನಗೊಳಿಸುತ್ತದೆ, ಅಷ್ಟೇ.

ಸೊಗಸಿರುವುದು ಮರ ಹಿಗ್ಗುವ ದಿಕ್ಕಿನಲ್ಲಿ. ಮರದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಬಹುಪಾಲು ಕಾಂಡದ ಉದ್ದಕ್ಕೇ ಮಲಗಿರುತ್ತವೆ. ನೀರಿನ ಅಣುಗಳು ಈ ಎಳೆಗಳ ನಡುವೆ ತೂರಿ ಅವನ್ನು ಪಕ್ಕಕ್ಕೆ ಸರಿಸುತ್ತವೆ. ಬಿಗಿದು ಕಟ್ಟಿದ ಹುಲ್ಲಿನ ಹೊರೆಗೆ ಇನ್ನಷ್ಟು ಕಡ್ಡಿ ತುರುಕಿದರೆ ಹೊರೆ ದಪ್ಪವಾಗುತ್ತದೆ, ಉದ್ದವಾಗುವುದಿಲ್ಲ. ಒತ್ತೊತ್ತಾಗಿ ನಿಂತವರ ನಡುವೆ ಹೊಸಬರು ನುಗ್ಗಿದರೆ ಗುಂಪು ಅಗಲವಾಗುತ್ತದೆ, ಯಾರೂ ಎತ್ತರವಾಗುವುದಿಲ್ಲ. ಮಳೆಯಲ್ಲಿ ತೊಯ್ದ ಪುಸ್ತಕವನ್ನೇ ನೋಡಿ, ದಪ್ಪ ಉಬ್ಬಿಕೊಂಡರೂ ಪುಟದ ಎತ್ತರ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಇಂಥ ನೆಲಕ್ಕೆ ಬಳಸುವ ಗಟ್ಟಿಮರಗಳಲ್ಲೊಂದಾದ ಕೆಂಪು ಓಕ್ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಬೆಳವಣಿಗೆಯ ಉಂಗುರಗಳ ಗುಂಟ ಶೇ 8.6ರಷ್ಟು, ತಿರುಳಿನಿಂದ ತೊಗಟೆಯತ್ತ ಶೇ 4ರಷ್ಟು ಕುಗ್ಗುತ್ತದೆ. ಉದ್ದದಲ್ಲಿ ಶೇ 0.2 ದಾಟುವುದು ಅಪರೂಪ. ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗಿಳಿದ ಮೇಲಷ್ಟೇ ಈ ಆಟ. 15 ಸೆಂ.ಮೀ. ಅಗಲದ, ಉಂಗುರಗಳ ಗುಂಟ ಸೀಳಿದ ಹಲಗೆಯ ತೇವಾಂಶ ಶೇ 8ರಿಂದ 14ಕ್ಕೇರಿತು ಎನ್ನಿ. ಅಗಲ ಸುಮಾರು 2.5 ಮಿ.ಮೀ. ಹೆಚ್ಚುತ್ತದೆ. ಎಂಟು ಹಲಗೆಗೆ 2 ಸೆಂ.ಮೀ.! ಗಟ್ಟಿಮರ ಕಡಿಮೆ ಹಿಗ್ಗುತ್ತದೆ ಎನ್ನುವವರಿಗೂ ಇದೇ ಉತ್ತರ: ಸಾಂದ್ರತೆ ಹೆಚ್ಚಾದಂತೆ ಹಿಗ್ಗು-ಕುಗ್ಗು ಸಾಮಾನ್ಯವಾಗಿ ಹೆಚ್ಚುತ್ತದೆ.

1947ರ ಷೆವರ್ಲೆ ಪಿಕಪ್‌ನ ನೆಲದಲ್ಲಿ ಹಲಗೆಗಳ ನಡುವೆ ಉದ್ದುದ್ದ ಉಕ್ಕಿನ ಪಟ್ಟಿಗಳಿವೆ. ಅವು ಬರೀ ಅಂದಕ್ಕಲ್ಲ. ಮೆಟ್ಟಿಲಿನಂತೆ ಕೊರೆದ ಹಲಗೆಯಂಚುಗಳ ಮೇಲೆ ಪಟ್ಟಿ ಕೂರುತ್ತದೆ. ಪಟ್ಟಿಯ ಬೋಲ್ಟ್ ಹಲಗೆಯನ್ನು ಚುಚ್ಚದೆ ಎರಡು ಹಲಗೆಗಳ ನಡುವಿನ ಸಂದಿನಲ್ಲಿ ಇಳಿಯುತ್ತದೆ. ಹಲಗೆ ಮೇಲೇಳಲಾರದು, ಆದರೆ ಪಕ್ಕಕ್ಕೆ ಸರಿಯಬಲ್ಲದು. ಎಷ್ಟು ಜಾಣ ಏರ್ಪಾಡು! ಒಣ ಹವೆಯಲ್ಲಿ ಜೋಡಿಸುವವರು ಸಂದು ಹೆಚ್ಚು ಬಿಡಬೇಕು, ತೇವದ ದಿನಗಳಲ್ಲಿ ಕಡಿಮೆ ಸಾಕು. ನೆಲವನ್ನು ಗಾಡಿಯ ಚೌಕಟ್ಟಿಗೆ ಬಿಗಿಯುವ ಬೋಲ್ಟ್ ಹಲಗೆಯನ್ನೇ ಹಾದುಹೋಗುವ ಕಡೆ ತೂತು ಬೋಲ್ಟ್‌ಗಿಂತ ದೊಡ್ಡದಿರಲಿ.

ಓಕ್ ಬಳಸಿದರೆ ಬೋಲ್ಟ್‌ಗಳು ಸ್ಟೇನ್‌ಲೆಸ್ ಆಗಿರಲಿ. ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಒದ್ದೆಯಲ್ಲಿ ಕಬ್ಬಿಣದ ಜೊತೆ ಸೇರಿ ಕಪ್ಪು ಕಲೆ ಬಿಡುತ್ತದೆ. ಯುರೋಪಿನವರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬರೆದ ಶಾಯಿ ಇದೇ ರಸಾಯನದ್ದು: ಓಕ್ ಮರದಲ್ಲಿ ಕೀಟಗಳಿಂದ ಏಳುವ ಗಂಟುಕಾಯಿಗಳ ಕಷಾಯಕ್ಕೆ ಕಬ್ಬಿಣದ ಲವಣ. ಹಾಳೆಯ ಮೇಲೆ ಶತಮಾನಗಳು ಉಳಿದ ಆ ಬಣ್ಣ ಹಲಗೆಯಿಂದಲೂ ಸುಲಭಕ್ಕೆ ಹೋಗುವುದಿಲ್ಲ.

ಬಿಳಿ ಓಕ್‌ನ ನೀರುನಾಳಗಳಲ್ಲಿ ಸಹಜವಾಗಿಯೇ ಬಿರಡೆಗಳಿರುತ್ತವೆ, ಮದ್ಯದ ಪೀಪಾಯಿಗೆ ಅದನ್ನೇ ಆರಿಸುವುದು ಅದಕ್ಕೇ. ಕೆಂಪು ಓಕ್‌ನ ತುಂಡೊಂದರ ಒಂದು ತುದಿಯಲ್ಲಿ ಊದಿದರೆ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತದೆ. ನೀರೂ ಹಾಗೇ ನುಗ್ಗುತ್ತದೆ. ಆದ್ದರಿಂದ ಮೇಲ್ಮೈ ಮಿರುಗಿಸುವ ಮುಂಚೆ ಹಲಗೆಗಳ ಅಡಿಭಾಗಕ್ಕೂ ಕೊಯ್ದ ತುದಿಗಳಿಗೂ ವಾರ್ನಿಷ್ ಬಳಿಯಿರಿ, ತುದಿಗಳಿಗೆ ಎರಡು ಮೂರು ಸಲ.