ಕಾರವಾರ ಯಾಕೆ ಧಾರವಾಡ ಆಗ್ಲಿಲ್ಲ?

ಧಾರವಾಡದಲ್ಲಿ ಓದಿ ಬಂದ ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಹತ್ರ ಐದು ನಿಮಿಷ ಕೂತ್ರೆ ಸಾಕು, ಆ ಊರಿನ ಸುದ್ದಿ ಬಂದೇ ಬರ್ತದೆ. ಕರ್ನಾಟಕ ಕಾಲೇಜಲ್ಲಿ ಕ್ಲಾಸು, ಸಂಜೆ ವಿದ್ಯಾವರ್ಧಕ ಸಂಘದಲ್ಲಿ ಭಾಷಣ, ಅಲ್ಲಿಂದ ಸಾಹಿತಿಗಳು ಸೇರೋ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ. ಆಮೇಲೆ ಒಂದು ನಿಟ್ಟುಸಿರು, "ಇಂಥಾದ್ದೊಂದು ನಮ್ಮ ಕಾರವಾರದಲ್ಲಿ ಇದ್ದಿದ್ರೆ" ಅಂತ.

ನಾನೂ ಸುಮಾರು ವರ್ಷ ಹಾಗೇ ಅಂದ್ಕೊಂಡಿದ್ದೆ. ಆದ್ರೆ ನಮ್ಮಲ್ಲಿ ಕಾಲೇಜುಗಳು ಹೇಗೆ ಹುಟ್ಟಿದ್ವು ಅಂತ ನೋಡ್ತಾ ಹೋದ ಹಾಗೆ ಈಗ ಬೇರೆ ಥರ ಅನ್ನಿಸ್ತದೆ.

ಧಾರವಾಡದ್ದು ಒಂದೇ ದಿನಕ್ಕೆ ಆದದ್ದಲ್ಲ. 1890ರಲ್ಲಿ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ. ಒಂದರ ಪಕ್ಕಕ್ಕೆ ಒಂದು ಸೇರಿ, ಮೇಷ್ಟ್ರುಗಳು, ಕವಿಗಳು, ಪ್ರಕಾಶಕರು ಎಲ್ಲ ಅದೇ ಬೀದಿಗಳಲ್ಲಿ ಮನೆ ಮಾಡಿದ್ರು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿಂದ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರ್ತು, ಕಾರವಾರ ಜಿಲ್ಲಾ ಕೇಂದ್ರ ಆಯ್ತು. ಕೋರ್ಟು ಬಂತು, ಕಚೇರಿ ಬಂತು, ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಇರೋಕೆ 1883ರಲ್ಲಿ ರವೀಂದ್ರನಾಥ ಟ್ಯಾಗೋರರೂ ಬಂದ್ರು. ಕಾಲೇಜು ಮಾತ್ರ ಬರ್ಲಿಲ್ಲ. ಮೆಟ್ರಿಕ್ ಆದವರಿಗೆ ಇದ್ದದ್ದು ಎರಡೇ ದಾರಿ, ಘಟ್ಟ ಹತ್ತಿ ಧಾರವಾಡ, ಇಲ್ಲಾಂದ್ರೆ ಆಗಬೋಟಿ ಹತ್ತಿ ಮುಂಬೈ. ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರು ಓದಿದ್ದು ಧಾರವಾಡದಲ್ಲಿ, ಹನೇಹಳ್ಳಿಯ ಯಶವಂತ ಚಿತ್ತಾಲರು ಬಾಳಿದ್ದು ಮುಂಬೈಯಲ್ಲಿ. ಹೋಗೋಕೆ ಗತಿ ಇಲ್ಲದವರು ಗದ್ದೆಗೋ ದೋಣಿಗೋ ಹೋದ್ರು, ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಸ್ವಾತಂತ್ರ್ಯ ಬಂದಮೇಲೆ ಕಾಲೇಜು ಮೊದಲು ಬಂದದ್ದು ಜಿಲ್ಲಾ ಕೇಂದ್ರಕ್ಕಲ್ಲ, ಕುಮಟೆಗೆ. ಈಗ ಅದಕ್ಕೆ ಮುಂಬೈಯ ಹೆಸರಾಂತ ಸರ್ಜನ್ ಡಾ. ಎ. ವಿ. ಬಾಳಿಗಾ ಅವರ ಹೆಸರಿದೆ. ಆಮೇಲೆ ಶಿರಸಿಯ ಎಂ.ಎಂ. ಕಾಲೇಜು, ಹೊನ್ನಾವರದ ಪ್ರಭಾತನಗರದಲ್ಲಿ ಎಸ್‌ಡಿಎಂ ಕಾಲೇಜು, ಭಟ್ಕಳದಲ್ಲಿ 1919ರಿಂದ ಇದ್ದ ಅಂಜುಮನ್ ಸಂಸ್ಥೆಯ ಕಾಲೇಜುಗಳು.

ಅಂಕೋಲೆಯದ್ದು ಸ್ವಲ್ಪ ವಿವರವಾಗಿ ಹೇಳ್ಬೇಕು. ದಿನಕರ ದೇಸಾಯಿ ಅಂದ್ರೆ ಎಲ್ಲರಿಗೂ ಚುಟುಕ ನೆನಪಾಗ್ತದೆ, ಆದ್ರೆ ಅವರು ಗೇಣಿ ರೈತರ ಪರವಾಗಿ ನಿಂತು ಬ್ರಿಟಿಷರಿಂದ ಜಿಲ್ಲೆಯಿಂದಲೇ ಗಡೀಪಾರು ಆಗಿದ್ದವರು. ಗೋಪಾಲಕೃಷ್ಣ ಗೋಖಲೆ ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಮಾಡಿ ಊರೂರಲ್ಲಿ ಹೈಸ್ಕೂಲು ತೆರೆದ್ರು, ಗೋಖಲೆಯವರು ಹುಟ್ಟಿ ನೂರು ವರ್ಷ ಆದಾಗ, 1966ರಲ್ಲಿ, ಅವರದ್ದೇ ಹೆಸರಲ್ಲಿ ಅಂಕೋಲೆಯಲ್ಲಿ ಕಾಲೇಜು ಶುರು ಮಾಡಿದ್ರು. ಗೇಣಿದಾರರ ಮಕ್ಕಳು ಮನೆಯಿಂದ ಬುತ್ತಿ ಕಟ್ಕೊಂಡು ಹೋಗಿ ಡಿಗ್ರಿ ಓದ್ಬಹುದು ಅನ್ನೋದು ಆ ಕಾಲಕ್ಕೆ ಸಣ್ಣ ಮಾತಲ್ಲ.

ನಮ್ಮ ಸೋದರಮಾವ ಎಪ್ಪತ್ತರ ದಶಕದಲ್ಲಿ ಅಲ್ಲಿ ಓದಿದ್ದು. ಮನೆ ಗಂಗಾವಳಿ ಹೊಳೆಯ ಈಚೆ, ಕಾಲೇಜು ಆಚೆ. ಬೆಳಿಗ್ಗೆ ತಾರಿ, ಅಂದ್ರೆ ಹೊಳೆ ದಾಟಿಸೋ ದೋಣಿ, ಹತ್ತಿ ಮಂಜಗುಣಿ, ಅಲ್ಲಿಂದ ಅಂಕೋಲೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದ ದಿನ ತಾರಿ ಇಲ್ಲ, ಅವತ್ತು ಕ್ಲಾಸೂ ಇಲ್ಲ. ಪುಸ್ತಕಾನ ಬನಿಯನ್ ಒಳಗೆ ಹೊಟ್ಟೆಗೆ ಕಟ್ಕೊಂಡು ಹೋಗ್ತಿದ್ರಂತೆ, ಈಗ್ಲೂ ಆ ಅರ್ಥಶಾಸ್ತ್ರದ ಪುಸ್ತಕದ ಹಾಳೆ ಒಂದಕ್ಕೊಂದು ಅಂಟ್ಕೊಂಡೇ ಇದೆ.

ನಮ್ಮ ಕಾಲೇಜುಗಳು ಚದುರಿದ್ದು ಯಾಕೆ ಅನ್ನೋದಕ್ಕೆ ಉತ್ತರ ಇದೇ ಹೊಳೆಗಳಲ್ಲಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಒಂದೊಂದು ಹೊಳೆಗೂ ಒಂದೊಂದು ಪೇಟೆ, ಪೇಟೆಗೊಂದು ಕಾಲೇಜು. ದೊಡ್ಡ ಸೇತುವೆಗಳಿಲ್ಲದ ಕಾಲದಲ್ಲಿ ಎಲ್ಲಾನೂ ಕಾರವಾರದಲ್ಲೇ ಕಟ್ಟಿದ್ರೆ ಭಟ್ಕಳದ ಹುಡುಗಿ, ಸಿದ್ದಾಪುರದ ಹುಡುಗ ಓದ್ತಿರ್ಲಿಲ್ಲ, ಅಷ್ಟೇ.

ಇನ್ನು ಕಾರವಾರಕ್ಕೆ ಜಾಗವಾದ್ರೂ ಎಲ್ಲಿದೆ? ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ, ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆ ಸೀಬರ್ಡ್ ನೌಕಾನೆಲೆ. ಆ ಯೋಜನೆಗಾಗಿ ಕರಾವಳಿಯ ಎಷ್ಟೋ ಊರುಗಳು ಖಾಲಿ ಆದ್ವು. ಹಾಗಾಗಿ 2007ರಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂದಾಗ ಕಾಳಿ ಆಚೆ ಮಾಜಾಳಿಗೆ ಹೋಯ್ತು, 2013ರಲ್ಲಿ ಮೆಡಿಕಲ್ ಕಾಲೇಜು ಬಂದಾಗ ಊರೊಳಗಿನ ಜಿಲ್ಲಾ ಆಸ್ಪತ್ರೆಯನ್ನೇ ಆಧರಿಸ್ತು. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಕೋಡಿಬಾಗದಲ್ಲಿದೆ, ಕಾಳಿ ಕಡಲು ಸೇರೋ ಜಾಗದಲ್ಲೇ. ಅದು ಇರ್ಬೇಕಾದ್ದೇ ಅಲ್ಲಿ. ಹಾಗೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲಿರೋದು, ಕಾಡಿನ ಪಾಠ ಕಾಡಿನ ಮಗ್ಗುಲಲ್ಲೇ ಆಗ್ಬೇಕು.

2024ರ ಜುಲೈ 16ಕ್ಕೆ ಅಂಕೋಲೆ ತಾಲೂಕಿನ ಶಿರೂರು ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯ್ತು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಬಿತ್ತು. ಒಂದೇ ಊರಲ್ಲಿ ಎಲ್ಲ ಕಾಲೇಜು ಇಡ್ಬೇಕು ಅನ್ನೋರು ಆ ಮಳೆಗಾಲ ಒಂದನ್ನ ನೆನಪು ಮಾಡ್ಕೊಳ್ಳಿ ಅಂತ ನಾನು ಕೇಳ್ಕೊಳ್ತೇನೆ.

ಹಾಗಂತ ಕೊರತೆ ಇಲ್ಲ ಅಂತಲ್ಲ. 2010ರಲ್ಲಿ ಬೆಳಗಾವಿ ಕಡೆಯವರಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೇರೆ ಆಯ್ತು, ನಾವು ಧಾರವಾಡದ ಜೊತೆಗೇ ಉಳಿದ್ವಿ. ಡಿಗ್ರಿ ಊರಲ್ಲೇ ಆಗ್ತದೆ, ಎಂಎ, ಎಂಎಸ್ಸಿ ಅಂದ್ಕೂಡ್ಲೇ ಬಹಳಷ್ಟು ಜನ ಗಂಟುಮೂಟೆ ಕಟ್ಬೇಕು, ಹೆಣ್ಮಕ್ಕಳ ಓದು ಅಲ್ಲಿಗೇ ನಿಲ್ಲೋದನ್ನ ನಾನು ನಮ್ಮ ಮನೆಗಳಲ್ಲೇ ನೋಡಿದ್ದೇನೆ. ಹೊಸ ಕ್ಯಾಂಪಸ್ಸಿಗಾಗಿ ಗುಡ್ಡ ಕಡಿಯೋ ಬದಲು ಇದ್ದ ಕಾಲೇಜುಗಳಿಗೇ ಪಿಜಿ ವಿಭಾಗ, ಖಾಯಂ ಮೇಷ್ಟ್ರು, ಹಾಸ್ಟೆಲ್ ಕೊಡ್ಲಿ. ಧಾರವಾಡದ ಸಂಜೆಗಳು ನಮಗೂ ಬೇಕು ಅಂದ್ರೆ ಬಸ್ಸೂ ಕೊಡ್ಲಿ.

ಮೊನ್ನೆ ಅಂಕೋಲೆಯಲ್ಲಿ ಒಂದು ಕವಿಗೋಷ್ಠಿ ಇತ್ತು. ಮುಂದಿನ ಸಾಲಲ್ಲಿ ಒಬ್ಬ ಹುಡುಗಿ ನೋಟ್‌ಬುಕ್ ತೆಗೆದು ಒಂದೊಂದು ಸಾಲು ಬರ್ಕೊಳ್ತಾ ಕೂತಿದ್ಲು. ಮೂರನೇ ಕವಿ ಎದ್ದು ನಿಂತಾಗ ಫೋನಲ್ಲಿ ಟೈಮ್ ನೋಡಿ ಮೆಲ್ಲಗೆ ಎದ್ಲು. "ಯಾಕೆ ತಂಗಿ, ಇಷ್ಟು ಬೇಗ?" ಅಂತ ಕೇಳ್ದೆ. "ಅಚವೆಗೆ ಕಡೇ ಬಸ್ಸು ಸರ್, ಇದು ತಪ್ಪಿದ್ರೆ ಮತ್ತೆ ಇಲ್ಲ" ಅಂದು ಛತ್ರಿ ಹುಡುಕ್ಕೊಂಡು ಓಡಿದ್ಲು.