'ರಯಟ್ ಆ್ಯಕ್ಟ್ ಓದಿದರು': ಒಂದು ಬೈಗುಳದ ಹಿಂದಿನ ಕಾಯ್ದೆ

ಆಫೀಸಿನಲ್ಲಿ ಮ್ಯಾನೇಜರ್ ಎಲ್ಲರನ್ನೂ ಕೂರಿಸಿಕೊಂಡು ಬೈದರೆ 'ಮಂಗಳಾರತಿ ಆಯ್ತು' ಅನ್ನುತ್ತೇವೆ. ತೀರಾ ಜಾಸ್ತಿಯಾದರೆ 'ಸಹಸ್ರನಾಮಾರ್ಚನೆ'. ಇಂಗ್ಲಿಷಿನವರು ಇದಕ್ಕೆ 'ರಯಟ್ ಆ್ಯಕ್ಟ್ ಓದಿದರು', ಅಂದರೆ ಗಲಭೆ ಕಾಯ್ದೆ ಓದಿದರು, ಎನ್ನುತ್ತಾರೆ. ನಮ್ಮ ಬೈಗುಳ ದೇವಸ್ಥಾನಕ್ಕೆ ಹೋದರೆ ಅವರದು ಕೋರ್ಟು ಕಚೇರಿಗೆ ಹೋಗುತ್ತದೆ.

ತಪ್ಪು ಎತ್ತಿ ಆಡುವ ಇನ್ನೂ ಕೆಲವು ಇಂಗ್ಲಿಷ್ ನುಡಿಗಟ್ಟುಗಳ ಕಥೆ ಹೀಗೇ ಇದೆ. ತರಾಟೆಗೆ ತೆಗೆದುಕೊಂಡರೆ 'ಕೆಂಡದ ಮೇಲೆ ಎಳೆದಾಡಿದರು' ಎನ್ನುತ್ತಾರೆ. ಧರ್ಮದ್ರೋಹದ ಹೆಸರಲ್ಲಿ ಮನುಷ್ಯರನ್ನು ಸುಡುತ್ತಿದ್ದ 16ನೇ ಶತಮಾನದಷ್ಟು ಹಳೆಯ ಮಾತಿದು. ಪತ್ರಿಕೆಗಳು ಮಂತ್ರಿಯೊಬ್ಬರ ಮಾನ ಹರಾಜು ಹಾಕಿದರೆ 'ಪಿಲರಿಗೆ ಸಿಕ್ಕಿಸಿದರು'. ಪಿಲರಿ ಎಂದರೆ ಕುತ್ತಿಗೆ, ಕೈ ಸಿಕ್ಕಿಸುವ ಮರದ ಚೌಕಟ್ಟು. ಸಂತೆ ಜಾಗದಲ್ಲಿ ಅಪರಾಧಿಯನ್ನು ಅದರಲ್ಲಿ ನಿಲ್ಲಿಸಿದರೆ ಜನ ಕೊಳೆತ ಮೊಟ್ಟೆ ಎಸೆಯುತ್ತಿದ್ದರು. ಇಂಗ್ಲೆಂಡ್ 1837ರಲ್ಲಿ ಆ ಶಿಕ್ಷೆಯನ್ನು ಕೈಬಿಟ್ಟಿತು.

ರಯಟ್ ಆ್ಯಕ್ಟ್ ಕಥೆ ಸ್ವಲ್ಪ ಉದ್ದ. 1714ರಲ್ಲಿ ರಾಣಿ ಆ್ಯನ್ ತೀರಿಕೊಂಡರು. ಜರ್ಮನಿಯ ಹ್ಯಾನೋವರ್‌ನಿಂದ ಬಂದ ಒಂದನೇ ಜಾರ್ಜ್ ಪಟ್ಟಕ್ಕೇರಿದ. ಹೊಸ ರಾಜ ಅನೇಕರಿಗೆ ಹಿಡಿಸಲಿಲ್ಲ. ಊರೂರಲ್ಲಿ ಗಲಭೆ ಎದ್ದಿತು. ಅದನ್ನು ಅಡಗಿಸಲು ಬಂದ ಕಾಯ್ದೆ 1715ರ ಆಗಸ್ಟ್ 1ರಂದು ಜಾರಿಯಾಯಿತು.

ಹನ್ನೆರಡು ಅಥವಾ ಹೆಚ್ಚು ಜನ ಸೇರಿ ಗಲಾಟೆ ಎಬ್ಬಿಸಿದರೆ ಮ್ಯಾಜಿಸ್ಟ್ರೇಟ್ ಬಂದು ಗಟ್ಟಿ ದನಿಯಲ್ಲಿ ಒಂದು ಘೋಷಣೆ ಓದಬೇಕಿತ್ತು. ರಾಜಾಜ್ಞೆಯಿದೆ, ಎಲ್ಲರೂ ಕೂಡಲೇ ಚದುರಿ ಸಮಾಧಾನವಾಗಿ ಮನೆಗೋ ಕೆಲಸಕ್ಕೋ ಹೋಗಿ ಎಂಬುದಷ್ಟೇ ಅದರ ಸಾರ. ಕೊನೆಗೆ 'ದೇವರು ರಾಜನನ್ನು ಕಾಪಾಡಲಿ'. ಅಲ್ಲಿಂದ ಒಂದು ಗಂಟೆ ಗಡುವು. ಆಮೇಲೂ ಅಲ್ಲೇ ಇದ್ದವರಿಗೆ ಮರಣದಂಡನೆ. ಚದುರಿಸುವಾಗ ಯಾರಾದರೂ ಸತ್ತರೆ ಅಧಿಕಾರಿಗಳ ಮೇಲೆ ಕೇಸಿಲ್ಲ. ಹಾಗಾಗಿ ಆ ಓದು ಕೇಳುವವರಿಗಿಂತ ಓದುವವರ ರಕ್ಷಣೆಗೇ ಇದ್ದಂತೆ ಕಾಣುತ್ತದೆ, ಅಲ್ವಾ? ಒಂದು ತಮಾಷೆಯೂ ಇತ್ತು. ಓದುವಾಗ ಒಂದು ಸಾಲು ಬಿಟ್ಟರೂ ಓದಿದ್ದು ಊರ್ಜಿತವಲ್ಲ. ಕೊನೆಯ 'ದೇವರು ರಾಜನನ್ನು ಕಾಪಾಡಲಿ' ಬಿಟ್ಟುಹೋದದ್ದಕ್ಕೇ ಕೇಸು ಬಿದ್ದುಹೋದದ್ದುಂಟು.

ಈಗ ಮೈಕ್ ಇಲ್ಲದ ಕಾಲವನ್ನು ನೆನೆಸಿಕೊಳ್ಳಿ. 1819ರ ಆಗಸ್ಟ್ 16. ಮ್ಯಾಂಚೆಸ್ಟರ್‌ನ ಸೇಂಟ್ ಪೀಟರ್ಸ್ ಫೀಲ್ಡ್‌ನಲ್ಲಿ ಸುಮಾರು 60,000 ಜನ ಸೇರಿದ್ದರು. ಪಾರ್ಲಿಮೆಂಟಿನಲ್ಲಿ ತಮಗೂ ದನಿ ಬೇಕು ಎಂಬುದು ಅವರ ಬೇಡಿಕೆ. ಮೈದಾನದ ಪಕ್ಕದ ಮನೆಯೊಂದರಿಂದ ಕಾಯ್ದೆ ಓದಿದೆವು ಎಂದು ಮ್ಯಾಜಿಸ್ಟ್ರೇಟರು ಆಮೇಲೆ ಹೇಳಿದರು. ಮೈದಾನದಲ್ಲಿದ್ದ ಎಷ್ಟೋ ಜನ ತಮಗೆ ಏನೂ ಕೇಳಿಸಲೇ ಇಲ್ಲ ಎಂದರು. ಕುದುರೆ ಸವಾರರು ಕತ್ತಿ ಹಿಡಿದು ನುಗ್ಗಿದರು. ಕನಿಷ್ಠ 15 ಜನ ಸತ್ತರು, ನೂರಾರು ಜನಕ್ಕೆ ಗಾಯ. ಓದಿದ್ದು ನಿಜವೇ ಇರಲಿ, ಅಷ್ಟು ದೊಡ್ಡ ಗುಂಪಿಗೆ ಒಬ್ಬನ ದನಿ ತಲುಪುವುದುಂಟೆ?

ಅಪ್ಪ ಮಗನಿಗೆ, ಯಜಮಾನ ಕೆಲಸದವನಿಗೆ 'ರಯಟ್ ಆ್ಯಕ್ಟ್ ಓದುವುದು' 19ನೇ ಶತಮಾನದಲ್ಲೇ ಆಡುಮಾತಾಯಿತು. 1837ರಲ್ಲಿ ಮರಣದಂಡನೆ ಹೋಗಿ ಗಡೀಪಾರು ಬಂತು. ಕಾಯ್ದೆ ಮಾತ್ರ ಉಳಿಯಿತು. 1919ರ ಜನವರಿ 31ರಂದು ಗ್ಲಾಸ್ಗೋದ ಜಾರ್ಜ್ ಸ್ಕ್ವೇರ್‌ನಲ್ಲಿ, ವಾರಕ್ಕೆ 40 ಗಂಟೆ ಕೆಲಸ ಸಾಕು ಎಂದು ಮುಷ್ಕರ ಹೂಡಿದ್ದ ಕಾರ್ಮಿಕರ ಎದುರು ಶೆರಿಫ್ (ಅಲ್ಲಿನ ನ್ಯಾಯಾಧಿಕಾರಿ) ಅದನ್ನು ಓದಲು ನಿಂತ. ಗುಂಪು ಅವನ ಕೈಯಲ್ಲಿದ್ದ ಹಾಳೆಯನ್ನೇ ಕಿತ್ತುಕೊಂಡಿತು. ಇಂಗ್ಲೆಂಡಿನಲ್ಲಿ ಈ ಕಾಯ್ದೆಗೆ ತೆರೆ ಬಿದ್ದದ್ದು 1967ರಲ್ಲಿ.

ಬ್ರಿಟಿಷರು 1860ರಲ್ಲಿ ನಮಗೆ ಮಾಡಿಕೊಟ್ಟ ದಂಡ ಸಂಹಿತೆಯಲ್ಲಿ 'ಅಕ್ರಮ ಕೂಟ' ಆಗಲು ಹನ್ನೆರಡು ಜನವೂ ಬೇಕಿರಲಿಲ್ಲ, ಐದು ಸಾಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಸಂಖ್ಯೆ ಐದೇ. ಚದುರಿ ಎಂದು ಆದೇಶ ಕೊಟ್ಟ ಮೇಲೆ ಇಷ್ಟು ಹೊತ್ತು ಕಾಯಬೇಕು ಎಂಬ ಗಡುವು ನಮ್ಮಲ್ಲಿ ಇಲ್ಲ. ಆ ಸಂದರ್ಭದಲ್ಲಿ ಪೊಲೀಸರು ಮಾಡಿದ್ದಕ್ಕೆ ಕೇಸು ನಡೆಸಬೇಕಾದರೆ ಸರ್ಕಾರದ ಅನುಮತಿ ಈಗಲೂ ಬೇಕು.